ಒಂದು ದಿನದ ಅತಿಥಿಗೂ ಕಾನೂನುಂಟು

ವಿವಾಹದ ವಾರ್ಷಿಕ ದಿನದಂದು ಮನೆಯ ಚಿಂತೆಗಳನ್ನು ಬದಿಗಿರಿಸಿ, ತುಮಕೂರಿನಿಂದಲೋ ಹಾಸನದಿಂದಲೋ ಬೆಳಗಿನ ರೈಲನ್ನೇರಿ ಬೆಂಗಳೂರಿಗೆ ಬಂದು, ಹೈದರಾಲಿಯು 1760ರಲ್ಲಿ ಆರಂಭಿಸಿದ ಲಾಲ್‌ಬಾಗನ್ನೂ ಕಬ್ಬನ್ ಉದ್ಯಾನವನ್ನೂ ವಿಧಾನಸೌಧದ ಮುಂಭಾಗವನ್ನೂ ಕಣ್ತುಂಬ ನೋಡಿ ಇರುಳಿಗೆ ಊರು ಸೇರುವ ದಂಪತಿಗಳು ನಮ್ಮಲ್ಲಿ ಅನೇಕರುಂಟು. ಇಂಥವರಲ್ಲಿ ಲೋಭಿಯಾದ ವರ್ತಕನು ಕಾಣುವ ದೌರ್ಬಲ್ಯ ಒಂದೇ: ಇವರು ಸಂಜೆಗೆ ಹೊರಟುಹೋಗತಕ್ಕವರು, ನಾಳೆ ಮರಳಿ ಬಂದು ವ್ಯಾಜ್ಯ ಹೂಡತಕ್ಕವರಲ್ಲ. ಈ ದೌರ್ಬಲ್ಯವನ್ನು ಕಾನೂನು ಬಹುಮಟ್ಟಿಗೆ ನೀಗಿಸಿದೆಯೆಂಬುದನ್ನು ಬಲ್ಲವರು ವಿರಳ.

ನಿಲ್ದಾಣದಿಂದ ಹೊರಬಂದೊಡನೆ ಎದುರಾಗುವುದು ಆಟೋ. 2025ರ ಆಗಸ್ಟ್ 1ರಿಂದ ಜಾರಿಯಲ್ಲಿರುವ ದರದಂತೆ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಅನಂತರ ಪ್ರತಿ ಕಿಲೋಮೀಟರಿಗೆ 18. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಮಾತ್ರ ಒಂದೂವರೆ ಪಾಲು. ಹಾಡಹಗಲಲ್ಲಿ ‘ಮೀಟರ್ ಮೇಲೆ ಮೂವತ್ತು ಕೊಡಿ’ ಎನ್ನುವುದಕ್ಕೆ ಆಧಾರವಿಲ್ಲ. ನಿಯಮ ಮೀರಿ ಬಾಡಿಗೆಗೆ ಬರಲೊಲ್ಲೆನೆನ್ನುವುದೂ ಮೋಟಾರು ವಾಹನ ಕಾಯಿದೆಯ 178ನೆಯ ಪ್ರಕರಣದಂತೆ ಅಪರಾಧವೇ. ಆದರೆ ಮೂರುಚಕ್ರದ ವಾಹನಕ್ಕೆ ಅದು ವಿಧಿಸಿರುವ ದಂಡದ ಮಿತಿ ಐವತ್ತು ರೂಪಾಯಿ. ಇಷ್ಟಕ್ಕೆ ಯಾರು ಅಂಜುವರೋ ಶಾಸನಕರ್ತರೇ ಹೇಳಬೇಕು!

ಮಧ್ಯಾಹ್ನದ ಊಟದಲ್ಲಿ ಸಂಗತಿ ಇನ್ನೂ ಸೂಕ್ಷ್ಮ. ಬಿಲ್ಲಿನ ಅಡಿಯಲ್ಲಿ ತೆರಿಗೆಯ ಪಕ್ಕದಲ್ಲಿಯೇ ‘ಸೇವಾ ಶುಲ್ಕ’ವೆಂಬ ಇನ್ನೊಂದು ಬಾಬು ಸದ್ದಿಲ್ಲದೆ ಸೇರಿಕೊಂಡಿದ್ದರೆ, ಅದು ಸರಕಾರದ ತೆರಿಗೆಯಲ್ಲ, ಹೋಟೆಲಿನವರ ಸ್ವಂತ ಬೇಡಿಕೆಯೆಂದು ತಿಳಿಯತಕ್ಕದ್ದು. ಇದನ್ನು ತಾನಾಗಿ ಬಿಲ್ಲಿಗೆ ಸೇರಿಸಕೂಡದೆಂದು ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲು ಸಂಘಗಳು ಅದನ್ನು ಪ್ರಶ್ನಿಸಲಾಗಿ, ದೆಹಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ತೆಗೆಯಿರೆಂದು ವಿನಯದಿಂದ ಕೇಳುವುದು ಗ್ರಾಹಕನ ಹಕ್ಕು. ನೀರಿನ ಬಾಟಲಿಯ ವಿಷಯದಲ್ಲಿಯಾದರೋ ನಮ್ಮ ಆವೇಶಕ್ಕೂ ಒಂದು ತಡೆಯುಂಟು: ಅಂಗಡಿಯವನು ಮುದ್ರಿತ ಬೆಲೆಗಿಂತ ಹೆಚ್ಚು ಕೇಳಿದರೆ ತಪ್ಪು, ಕುಳ್ಳಿರಿಸಿ ಉಪಚರಿಸುವ ಹೋಟೆಲಿಗೆ ಈ ಕಟ್ಟು ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ತೀರ್ಪಿತ್ತಿದೆ.

ಹಣದ ನಷ್ಟಕ್ಕಿಂತ ನೋಯಿಸುವುದು ಮಾನದ ನಷ್ಟ. ಉದ್ಯಾನದ ಬೆಂಚಿನ ಮೇಲೆ ಜತೆಯಾಗಿ ಕುಳಿತವರನ್ನು ‘ನೀವು ಗಂಡಹೆಂಡಿರೇ?’ ಎಂದು ವಿಚಾರಿಸುವ ಅಧಿಕಾರವನ್ನು ಯಾವ ದಾರಿಹೋಕನಿಗೂ ಯಾರೂ ಕೊಟ್ಟಿಲ್ಲ; ವಿವಾಹದ ಪ್ರಮಾಣಪತ್ರವನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗಬೇಕೆಂಬ ಕಾನೂನೂ ಇಲ್ಲ. ಕಾಟ ಮುಂದುವರಿದರೆ 112ಕ್ಕೆ ಕರೆಮಾಡಬಹುದು. ಹೆಂಗಸರನ್ನು ಸೂರ್ಯಾಸ್ತದ ಅನಂತರ ಸೂರ್ಯೋದಯಕ್ಕೆ ಮುನ್ನ ಬಂಧಿಸಕೂಡದೆಂಬುದೂ, ಅಸಾಧಾರಣ ಸಂದರ್ಭದಲ್ಲಿ ಮಹಿಳಾ ಪೋಲೀಸ್ ಅಧಿಕಾರಿಯು ದಂಡಾಧಿಕಾರಿಯ ಅನುಮತಿಯನ್ನು ಮೊದಲೇ ಪಡೆದಿರಬೇಕೆಂಬುದೂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೆಯ ಪ್ರಕರಣದ ಸಾಮಾನ್ಯ ನಿಯಮ.

ಜನಸಂದಣಿಯಲ್ಲಿ ಸರವೋ ಫೋನೋ ಕಳವಾಗಿ, ಅದು ಊರು ಸೇರಿದ ಮೇಲೆ ಅರಿವಿಗೆ ಬಂದರೆ? ಅದೇ ಸಂಹಿತೆಯ 173ನೆಯ ಪ್ರಕರಣದಂತೆ, ಕಳವು ಎಲ್ಲಿಯೇ ನಡೆದಿರಲಿ, ನಿಮ್ಮೂರಿನ ಠಾಣೆಯಲ್ಲಿಯೂ ದೂರು ನೀಡಬಹುದು; ಝೀರೋ ಎಫ್‌ಐಆರ್ ಎಂದು ಜನ ಕರೆಯುವುದು ಇದನ್ನೇ. ದೂರಿನ ಪ್ರತಿ ಉಚಿತ. ಠಾಣಾಧಿಕಾರಿಯು ಒಪ್ಪದಿದ್ದರೆ ದೂರಿನ ಸಾರವನ್ನು ಪೋಲೀಸ್ ವರಿಷ್ಠಾಧಿಕಾರಿಗೆ ಬರೆದು ಕಳುಹಿಸಬೇಕು, ಅಲ್ಲಿಯೂ ಫಲಿಸದಿದ್ದರೆ ದಂಡಾಧಿಕಾರಿಯ ಮೊರೆಹೋಗಬೇಕು.

ಇನ್ನು ಮುಖ್ಯವಾದ ಮಾತು. 1986ರ ಹಳೆಯ ಗ್ರಾಹಕ ಕಾಯಿದೆಯಲ್ಲಿ ದೂರನ್ನು ಎದುರು ಪಕ್ಷದವರಿರುವಲ್ಲಿಯೋ ವ್ಯವಹಾರ ನಡೆದಲ್ಲಿಯೋ ಸಲ್ಲಿಸಬೇಕಾಗಿತ್ತು. ಅಲ್ಪ ಮೊತ್ತಕ್ಕಾಗಿ ಹಾಸನದವರು ಬೆಂಗಳೂರಿಗೆ ಅಲೆದಾಡುವುದುಂಟೆ? 2019ರ ಕಾಯಿದೆಯ 34ನೆಯ ಪ್ರಕರಣವು ದೂರುದಾರನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಹೂಡುವ ಅವಕಾಶವನ್ನಿತ್ತಿದೆ. ಕೊಟ್ಟ ಹಣ ಐದು ಲಕ್ಷ ಮೀರದಿದ್ದರೆ ಶುಲ್ಕವಿಲ್ಲ; ವಕೀಲರು ಕಡ್ಡಾಯವಲ್ಲ; ವಿಡಿಯೋ ಮೂಲಕ ವಿಚಾರಣೆಯನ್ನೂ ಕೋರಬಹುದು. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಿಳಿಸಿ ನೋಡುವುದು ಲೇಸು. ಆದುದರಿಂದ, ನನ್ನ ಅಭಿಪ್ರಾಯದಲ್ಲಿ, ಸಂತೋಷಕ್ಕೆಂದು ಮೀಸಲಿಟ್ಟ ದಿನವನ್ನು ಮಾಣಿಯೊಡನೆ ಜಗಳವಾಡಿ ಕೆಡಿಸಿಕೊಳ್ಳಬೇಕಾದ್ದಿಲ್ಲ. ಹಣ ಕೊಟ್ಟು, ಬಿಲ್ಲು ಪಡೆದು, ಲಾಲ್‌ಬಾಗಿನ ಗಾಜಿನಮನೆಯನ್ನು ನೋಡಲು ನಿಶ್ಚಿಂತೆಯಿಂದ ಹೊರಡಬಹುದು.

ಬಿಲ್ಲು ಕೊಡದಿರುವುದೇ ಈ ಕಾಯಿದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ದೂರಿಗೆ ಅವಧಿ ಎರಡು ವರ್ಷ. ಯಂತ್ರದ ಬಿಲ್ಲಿನ ಅಕ್ಷರಗಳಾದರೋ ಬೇಗನೆ ಮಾಸತಕ್ಕವು. ಅಂದೇ ಅದರ ಫೋಟೋ ತೆಗೆದಿಡಿ.