ಕಾರಿಗಿಂತ ಮೊದಲು ಅರ್ಥಿಂಗ್

ಮೇಗರವಳ್ಳಿ,
ತೀರ್ಥಹಳ್ಳಿ ತಾಲ್ಲೂಕು

ಚಿ. ಚೈತ್ರಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ತೋಟ ನೋಡಿಕೊಳ್ಳುವ ನಿನ್ನ ತೀರ್ಮಾನ ಕೇಳಿ ದೊಡ್ಡಮ್ಮನಿಗೂ ನನಗೂ ಆದ ಸಂತೋಷ ಅಷ್ಟಿಷ್ಟಲ್ಲ. ಜೊತೆಗೆ ಎಲೆಕ್ಟ್ರಿಕ್ ಕಾರು ಕೊಳ್ಳುವ ಯೋಚನೆಯೂ ಇದೆ ಎಂದು ಬರೆದಿದ್ದೀಯ. ನಿನ್ನ ಅಪ್ಪ ಬೇಡವೆನ್ನುತ್ತಿದ್ದಾನೆ. ಸರ್ವಿಸ್ ಸೆಂಟರ್ ಒಂದು ಕಡೆ ಸುಮಾರು 80 ಕಿಲೋಮೀಟರ್ ದೂರದ ಶಿವಮೊಗ್ಗದಲ್ಲಿ, ಇನ್ನೊಂದು ಕಡೆ ಆಗುಂಬೆ ಘಾಟಿ ಇಳಿದು ಉಡುಪಿಯಲ್ಲಿ. ನಡುವೆ ಈ ಕಾಡಿನಲ್ಲಿ ಕೆಟ್ಟು ನಿಂತರೆ ನೋಡುವವರು ಯಾರು ಎಂದು ಕೇಳುತ್ತಾನೆ. ಕೇಳಲೇಬೇಕಾದ ಪ್ರಶ್ನೆ ಅದು. ಕೆ.ಇ.ಬಿ. ಕಾಲದಿಂದ ಮೆಸ್ಕಾಂ ಕಾಲದವರೆಗೆ ಈ ಸೀಮೆಯ ವಿದ್ಯುತ್ ಲೈನುಗಳ ಕೆಲಸ ಮಾಡಿದವನು ನಾನು. ನಿವೃತ್ತಿಯ ಮೇಲೆ ಇಂಥದೇ ಕಾರು ಓಡಿಸುತ್ತಿದ್ದೇನೆ. ಹಾಗಾಗಿ ನನಗೆ ಗೊತ್ತಿರುವುದನ್ನು ವಿವರವಾಗಿ ಬರೆಯುತ್ತೇನೆ, ಸಾವಧಾನವಾಗಿ ಓದು.

ಸರ್ವಿಸ್ ಸೆಂಟರಿನ ದೂರ ಕಡಿಮೆ ಮಾಡುವುದು ನಮ್ಮ ಕೈಯಲ್ಲಿಲ್ಲ. ಅಲ್ಲಿಗೆ ಓಡಬೇಕಾಗಿ ಬರುವ ಸಂದರ್ಭಗಳನ್ನು ಕಡಿಮೆ ಮಾಡುವುದು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ಆರಿದ್ರಾ ಮಳೆ ಹಿಡಿದ ಮೇಲೆ ಸೌದೆ ಹುಡುಕಿಕೊಂಡು ಹೊರಡುವವರು ನಮ್ಮಲ್ಲಿ ಯಾರೂ ಇಲ್ಲ. ಬೇಸಿಗೆಯಲ್ಲೇ ಕೊಟ್ಟಿಗೆ ತುಂಬಿಸಿಡುತ್ತೇವೆ. ದೂರದ ಊರಿನಲ್ಲಿ ಈ ಕಾರು ಇಟ್ಟುಕೊಳ್ಳುವುದಕ್ಕೂ ಅಂಥದೇ ಮುಂಜಾಗ್ರತೆ ಬೇಕು.

ನಿಮ್ಮ ಮನೆಯ ಹಳೆಯ ಜೀಪು ಮೆಕ್ಯಾನಿಕ್ ಹತ್ತಿರ ಹೋಗುತ್ತಿದ್ದುದು ಯಾತಕ್ಕೆ, ನೆನಪು ಮಾಡಿಕೋ. ಇಂಜಿನ್ ಆಯಿಲ್, ಡೀಸೆಲ್ ಫಿಲ್ಟರ್, ಕ್ಲಚ್ ಪ್ಲೇಟ್, ಬೆಲ್ಟ್, ಇಂಜೆಕ್ಟರ್, ಸೈಲೆನ್ಸರ್. ಎಲೆಕ್ಟ್ರಿಕ್ ಕಾರಿನಲ್ಲಿ ಇವು ಯಾವುವೂ ಇಲ್ಲ. ಉಳಿಯುವುದು ಟೈರು, ಬ್ರೇಕು, ಸಸ್ಪೆನ್ಷನ್ ಬುಷ್, ವೈಪರ್, ಕೂಲೆಂಟ್, ಎ.ಸಿ. ಫಿಲ್ಟರ್. ಇಳಿಜಾರಿನಲ್ಲಿ ಮೋಟಾರೇ ಜನರೇಟರ್ ಆಗಿ ವೇಗವನ್ನು ಹಿಡಿದಿಡುವುದರಿಂದ ಬ್ರೇಕ್ ಪ್ಯಾಡು ನಿಧಾನವಾಗಿ ಸವೆಯುತ್ತದೆ. ಬ್ಯಾಟರಿಯ ಭಾರಕ್ಕೆ ಟೈರು ಮಾತ್ರ ಸ್ವಲ್ಪ ಬೇಗ ಸವೆಯುತ್ತದೆ. ಆ ಕೆಲಸ ತೀರ್ಥಹಳ್ಳಿಯಲ್ಲೇ ಮುಗಿಯುತ್ತದೆ. ಕೆಡುವುದು ಅಪರೂಪವೇನೋ ನಿಜ. ಆದರೆ ದೊಡ್ಡ ಬ್ಯಾಟರಿಯೋ ಒಳಗಿನ ಚಾರ್ಜರೋ ಕೆಟ್ಟಿತೆಂದರೆ ದಾರಿಬದಿಯ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಸರಿಮಾಡುವ ಹಾಗಿಲ್ಲ. ಇವೆರಡನ್ನೂ ತಿಳಿದುಕೊಂಡು ಮುಂದಿನದನ್ನು ಯೋಚಿಸು.

ಬೆಂಗಳೂರಿನಲ್ಲಿ 2001ರಲ್ಲೇ ರೇವಾ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರು ಬಂದಿತ್ತು. ಲೆಡ್ ಆಸಿಡ್ ಬ್ಯಾಟರಿ, ಒಮ್ಮೆ ಚಾರ್ಜ್ ಮಾಡಿದರೆ 80 ಕಿಲೋಮೀಟರ್ ಆಸುಪಾಸು. ಅಂಥ ಕಾರಿನಲ್ಲಿ ಇಲ್ಲಿಂದ ಶಿವಮೊಗ್ಗ ಮುಟ್ಟುವುದೇ ಅನುಮಾನವಿತ್ತು. 2020ರಲ್ಲಿ 30 ಯೂನಿಟ್ ಹಿಡಿಸುವ ಲಿಥಿಯಂ ಬ್ಯಾಟರಿಯ ನೆಕ್ಸಾನ್ ಎಲೆಕ್ಟ್ರಿಕ್ ಕಾರು ಬಂದ ಮೇಲೆ ಹಳ್ಳಿಯವರಿಗೂ ಧೈರ್ಯ ಬಂತು. ನಮ್ಮ ರಸ್ತೆಗಳಲ್ಲಿ ಒಂದು ಯೂನಿಟ್ಟಿಗೆ ಆರೇಳು ಕಿಲೋಮೀಟರ್ ಎಂದು ಲೆಕ್ಕ ಹಿಡಿದರೆ ಮೋಸವಿಲ್ಲ. ಆದ್ದರಿಂದ ಈಗ ದೂರದ ಚಿಂತೆಗಿಂತ ಮನೆಯ ಪ್ಲಗ್ಗಿನ ಚಿಂತೆ ದೊಡ್ಡದು.

ಹಾಗಾಗಿ ಶೋರೂಮಿಗೆ ಹೋಗುವ ಮುಂಚೆ ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸು. ಕಾರು ನಿಂತಿರುವುದು ರಬ್ಬರಿನ ಟೈರುಗಳ ಮೇಲೆ. ಚಾರ್ಜ್ ಆಗುವಾಗ ಎಲ್ಲಾದರೂ ಇನ್ಸುಲೇಷನ್ ಹಾಳಾಗಿ ಕರೆಂಟು ಕಾರಿನ ಲೋಹದ ಮೈಗೆ ಬಂದರೆ ಅದಕ್ಕೆ ನೆಲಕ್ಕಿಳಿಯುವ ದಾರಿ ಬೇಕು. ಅರ್ಥ್ ಸರಿಯಿದ್ದರೆ ಆ ದಾರಿಯಲ್ಲಿ ಇಳಿದು ಬ್ರೇಕರ್ ಟ್ರಿಪ್ ಆಗುತ್ತದೆ. ಇಲ್ಲದಿದ್ದರೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲು ಮುಟ್ಟಿದವರ ಮೈಮೂಲಕ ಇಳಿಯುತ್ತದೆ. ಅದಕ್ಕೇ ಕಾರಿನ ಚಾರ್ಜರುಗಳು ಮೊದಲು ಅರ್ಥ್ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತವೆ. ಚಾರ್ಜರೇ ಕೆಟ್ಟಿದೆ ಎಂದುಕೊಂಡು ಸರ್ವಿಸ್ ಸೆಂಟರಿಗೆ ಫೋನ್ ಮಾಡುವವರಲ್ಲಿ ಎಷ್ಟೋ ಜನರ ಮನೆಯಲ್ಲಿ ಕೆಟ್ಟಿರುವುದು ಅರ್ಥಿಂಗ್.

ನಮ್ಮ ಜಂಬಿಟ್ಟಿಗೆ ನೆಲ ಮಳೆಗಾಲದಲ್ಲಿ ಒದ್ದೆಯಾಗಿ ಕರೆಂಟನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಮಾರ್ಚ್ ಬರುವ ಹೊತ್ತಿಗೆ ಒಣಗಿ ಅದೇ ಅರ್ಥ್ ದುರ್ಬಲವಾಗುತ್ತದೆ. ಆದ್ದರಿಂದ ಅಳೆಯುವುದಾದರೆ ಬೇಸಿಗೆಯಲ್ಲೇ ಅಳೆಯಬೇಕು. ಹೊಸದಾಗಿ ಎಂಟಡಿ ಗುಂಡಿ ತೋಡಿಸಿ, ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿಸು. ಬೇಸಿಗೆಯಲ್ಲಿ ಆಗಾಗ ಅದಕ್ಕೆ ಒಂದು ಕೊಡ ನೀರು ಹಾಕು. ಮೀಟರ್ ಬೋರ್ಡಿನಿಂದ ಕಾರಿಗೇ ಬೇರೆ ಲೈನು ಎಳೆಸು. ನಾಲ್ಕು ಚದರ ಮಿಲಿಮೀಟರಿನ ತಾಮ್ರದ ವೈರು, 30 ಮಿಲಿಆಂಪಿಯರ್ ಸೋರಿದರೂ ಕರೆಂಟು ಕಡಿಯುವ ಆರ್.ಸಿ.ಸಿ.ಬಿ., ಒಳ್ಳೆಯ ಪವರ್ ಪ್ಲಗ್ ಇರಲಿ. ಅಗ್ಗದ ಸಾಕೆಟ್ಟು ರಾತ್ರಿಯಿಡೀ ಕರೆಂಟು ಹರಿದರೆ ಕರಗಿ ಹೋಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನನ್ನ ಮಾತು ಮೀರಬಾರದು, ಮಗಾ. ಪ್ಲಗ್ಗಿನೊಳಗೆ ನ್ಯೂಟ್ರಲ್ಲಿಗೂ ಅರ್ಥಿಗೂ ಒಂದು ತುಂಡು ವೈರು ಕಟ್ಟಿ ಚಾರ್ಜರಿಗೆ ಮೋಸ ಮಾಡುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟಾರು. ಚಾರ್ಜ್ ಆಗುತ್ತದೆ ನಿಜ. ಆದರೆ ನಮ್ಮ ಕಾಡಿನ ಲೈನುಗಳ ಮೇಲೆ ಕೊಂಬೆ ಬಿದ್ದು ನ್ಯೂಟ್ರಲ್ ತಂತಿ ತುಂಡಾಗುವುದು ಪ್ರತಿ ಮಳೆಗಾಲದ ಸಂಗತಿ. ಹಾಗೆ ತುಂಡಾದ ಕ್ಷಣ ಕಾರಿನ ಇಡೀ ಮೈಗೆ ಫೇಸ್ ಕರೆಂಟು ಬರುತ್ತದೆ. ಕರೆಂಟಿಗೆ ಸಿಕ್ಕವರ ಮನೆಗಳಿಗೆ ಹೋಗಿ ಬಂದವನು ನಾನು. ಅಂಥದು ನಮ್ಮ ಅಂಗಳದಲ್ಲಿ ಆಗಬಾರದು.

ಪಂಪ್‌ಸೆಟ್ಟಿನ ಲೈನಿನಿಂದಲೂ ಕಾರು ಚಾರ್ಜ್ ಮಾಡಬೇಡ. 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಉಚಿತವಾಗಿ ಕೊಡುವ ಕರೆಂಟು ನೀರಾವರಿಗಾಗಿ ಇರುವುದು. ಮನೆಯ ಮೀಟರಿನಿಂದಲೇ ಮಾಡುವುದಾದರೆ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಲೆಕ್ಕ ನೋಡಿಕೋ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ಮಂಜೂರಾದ ಲೋಡು ಸಾಲದಿದ್ದರೆ ಮೆಸ್ಕಾಂ ಕಚೇರಿಯಲ್ಲಿ ಅರ್ಜಿ ಕೊಟ್ಟು ಹೆಚ್ಚಿಸಿಕೋ. ಪವರ್ ಪ್ಲಗ್ಗಿನಿಂದ ಗಂಟೆಗೆ ಎರಡೂವರೆ ಯೂನಿಟ್ಟಿನಷ್ಟು ತುಂಬುತ್ತದೆ. ರಾತ್ರಿ ಮಲಗಿ ಏಳುವಷ್ಟರಲ್ಲಿ ಶಿವಮೊಗ್ಗಕ್ಕೆ ಹೋಗಲು ಸಾಕಾಗುವಷ್ಟು ತುಂಬಿರುತ್ತದೆ. ವೋಲ್ಟೇಜು ತೀರಾ ಇಳಿಯುವ ಸಂಜೆ ಹೊತ್ತು ಬಿಟ್ಟು ಹತ್ತು ಗಂಟೆಯ ಮೇಲೆ ಹಚ್ಚು.

ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆಗೆ ಮೋಡ ಕಟ್ಟಿತೆಂದರೆ ಪ್ಲಗ್ ಕಿತ್ತಿಡು. ಸಿಡಿಲಿನ ಹೊಡೆತಕ್ಕೆ ಒಳಗಿನ ಚಾರ್ಜರ್ ಸುಟ್ಟರೆ ಶಿವಮೊಗ್ಗದ ದಾರಿ ತಪ್ಪಿದ್ದಲ್ಲ. ಆಗುಂಬೆ ಸೀಮೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಮರ ಬಿದ್ದರೆ ಎರಡು ಮೂರು ದಿನ ಕರೆಂಟು ಇರುವುದಿಲ್ಲ. ಮನೆಯ ಇನ್ವರ್ಟರಿನಿಂದ ಕಾರು ತುಂಬುವುದಿಲ್ಲ. ಅದಕ್ಕಾಗಿ ಜೂನಿನಿಂದ ಸೆಪ್ಟೆಂಬರಿನವರೆಗೆ ಚಾರ್ಜನ್ನು ಅರ್ಧಕ್ಕಿಂತ ಕೆಳಗಿಳಿಯಲು ಬಿಡಬೇಡ. ನಡುರಾತ್ರಿ ಯಾರನ್ನಾದರೂ ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ಆ ಅರ್ಧವೇ ಜೀವ ಉಳಿಸುವುದು. ಇನ್ನೊಂದು ಮಾತು, ಮೊದಲ ಮಳೆಗಾಲ ಕಳೆಯುವವರೆಗೆ ಜೀಪನ್ನು ಮಾರಬೇಡಿ.

ಘಾಟಿಯ ಬಗ್ಗೆ ನಿನ್ನ ಅಮ್ಮನಿಗೆ ಹೆದರಿಕೆ ಇದೆಯಲ್ಲ. ಲೆಕ್ಕ ಸರಳ: ಒಂದೂವರೆ ಟನ್ನಿನ ಕಾರು ಐನೂರು ಮೀಟರ್ ಮೇಲೇರಲು ಬಯಲು ದಾರಿಯ ಖರ್ಚಿನ ಮೇಲೆ ಎರಡು ಯೂನಿಟ್, ನಷ್ಟವೂ ಸೇರಿದರೆ ಸ್ವಲ್ಪ ಹೆಚ್ಚು ಬೇಕು. ಇಳಿಯುವಾಗ ಅದರಲ್ಲಿ ಒಂದು ಪಾಲು ಬ್ಯಾಟರಿಗೆ ಮರಳುತ್ತದೆ. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದರೆ ಮರಳುವ ಕರೆಂಟಿಗೆ ಜಾಗವಿರುವುದಿಲ್ಲ, ಮೋಟಾರಿನ ಹಿಡಿತವೂ ಸಡಿಲವಾಗುತ್ತದೆ. ಆ ಹದಿನಾಲ್ಕು ತಿರುವುಗಳಲ್ಲಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಉಡುಪಿ ಕಡೆ ಹೋಗುವ ದಿನ ಬೆಳಿಗ್ಗೆ ಶೇಕಡ 90ಕ್ಕೆ ಚಾರ್ಜ್ ನಿಲ್ಲಿಸಿ ಹೊರಡು.

ಕಾರಿನಲ್ಲಿ ದೊಡ್ಡ ಬ್ಯಾಟರಿಯಲ್ಲದೆ 12 ವೋಲ್ಟಿನ ಚಿಕ್ಕದೊಂದು ಬ್ಯಾಟರಿಯೂ ಇರುತ್ತದೆ. ಬಾಗಿಲು, ಪರದೆ, ಒಳಗಿನ ಕಂಪ್ಯೂಟರ್ ಏಳುವುದು ಅದರಿಂದಲೇ. ಅದು ಬಿದ್ದುಹೋದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಅಲುಗಾಡುವುದಿಲ್ಲ. ನನ್ನ ಕಾರು ಹಾಗೆ ಒಂದು ಬೆಳಿಗ್ಗೆ ಏಳದೆ ಕುಳಿತಾಗ ಪಕ್ಕದ ಮನೆಯ ಹುಡುಗ ತನ್ನ ಪಿಕಪ್ಪಿನ ಬ್ಯಾಟರಿಯಿಂದ ವೈರು ಕೊಟ್ಟ. ಕೈಪಿಡಿಯಲ್ಲಿದ್ದ ಕ್ರಮದಂತೆ ಜೋಡಿಸಿದೆವು, ಪರದೆ ಬೆಳಗಿತು, ತೀರ್ಥಹಳ್ಳಿಯಲ್ಲಿ ಹೊಸ ಬ್ಯಾಟರಿ ಹಾಕಿಸಿದೆ. ನಿನ್ನ ಕಾರಿನ ಚಿಕ್ಕ ಬ್ಯಾಟರಿಗೆ ಮೂರು ವರ್ಷವಾಯಿತೆಂದರೆ ಪರೀಕ್ಷೆ ಮಾಡಿಸು. ಜಂಪರ್ ಕೇಬಲ್, ಪಂಕ್ಚರ್ ಕಿಟ್, ಗಾಳಿ ತುಂಬುವ ಪುಟ್ಟ ಪಂಪು ಸದಾ ಡಿಕ್ಕಿಯಲ್ಲಿರಲಿ. ಬಾನೆಟ್ಟಿನೊಳಗೆ ಇಲಿ ಸೇರದಂತೆ ವಾರಕ್ಕೊಮ್ಮೆ ತೆರೆದು ನೋಡು. ಅಡಿಕೆ ಮನೆಯ ಇಲಿಗೆ ವೈರೆಂದರೆ ಇಷ್ಟ. ಕಿತ್ತಳೆ ಬಣ್ಣದ ವೈರುಗಳಲ್ಲಿ ಮುನ್ನೂರು ವೋಲ್ಟಿನ ಆಸುಪಾಸು ಕರೆಂಟು ಇರುತ್ತದೆ. ಅವನ್ನು ನೀನೂ ಮುಟ್ಟಬೇಡ, ಬೇರೆಯವರಿಗೂ ಮುಟ್ಟಲು ಬಿಡಬೇಡ.

ನಿಜವಾಗಿ ಕೆಟ್ಟು ನಿಂತ ದಿನ ಹಗ್ಗ ಕಟ್ಟಿ ಎಳೆಸಬೇಡ. ಚಕ್ರ ಉರುಳಿದರೆ ಮೋಟಾರು ತಿರುಗಿ ಕರೆಂಟು ಹುಟ್ಟಿಸಿ ಒಳಗಿನದನ್ನು ಹಾಳು ಮಾಡಬಹುದು. ಕಾರನ್ನು ಪೂರ್ತಿ ಎತ್ತಿಕೊಂಡು ಹೋಗುವ ಚಪ್ಪಟೆ ಲಾರಿಯೇ ಬೇಕು. ನಿಮ್ಮ ಮನೆಯ ಕಡಿದಾದ ಮಣ್ಣುದಾರಿಯಲ್ಲಿ ಆ ಲಾರಿ ಇಳಿಯುವುದಿಲ್ಲ. ಕಾರಿನಲ್ಲಿ ಏನಾದರೂ ಎಚ್ಚರಿಕೆ ದೀಪ ಕಂಡ ಕೂಡಲೇ ಅದರ ಫೋಟೋ ತೆಗೆದುಕೊಂಡು, ಕಾರು ಇನ್ನೂ ಓಡುವಂತಿರುವಾಗಲೇ ಡಾಂಬರು ರಸ್ತೆಯ ಬದಿಗೆ ತಂದು ನಿಲ್ಲಿಸು. ಮಳೆಗಾಲದಲ್ಲಂತೂ ಅಲ್ಲೇ ಶೆಡ್ಡು ಮಾಡಿಕೊಂಡರೆ ಒಳ್ಳೆಯದು. ಬ್ಯಾಟರಿ ಇರುವುದು ಕಾರಿನ ಹೊಟ್ಟೆಯಡಿ; ಎದ್ದ ಕಲ್ಲಿಗೆ ತಾಗಿಸಬೇಡ, ಹಳ್ಳ ತುಂಬಿ ಹರಿಯುವಾಗ ಇಳಿಸಬೇಡ.

ಶೋರೂಮಿನವರನ್ನು ಬಣ್ಣ, ಪರದೆಯ ಅಳತೆ ಕೇಳುವ ಮೊದಲು ಇವಿಷ್ಟು ಕೇಳು. ಬ್ಯಾಟರಿ ಕೆಲಸ ಬಲ್ಲ ತಂತ್ರಜ್ಞ ಶಿವಮೊಗ್ಗದಲ್ಲೇ ಇದ್ದಾನೆಯೇ, ಬೆಂಗಳೂರಿನಿಂದ ಬರಬೇಕೇ? ದಾರಿಯಲ್ಲಿ ನಿಂತ ಕಾರನ್ನು ಎಷ್ಟು ಕಿಲೋಮೀಟರಿನವರೆಗೆ ಉಚಿತವಾಗಿ ಸಾಗಿಸುತ್ತಾರೆ? ಬಿಡಿಭಾಗಕ್ಕೆ ಕಾಯುವಾಗ ಬದಲಿ ಕಾರು ಕೊಡುತ್ತಾರೆಯೇ? ಉತ್ತರಗಳನ್ನು ಬರವಣಿಗೆಯಲ್ಲಿ ಪಡೆದುಕೋ. ಹಲವು ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತವೆ. ಹೇಳಿದ ಅವಧಿಗೆ ಸರ್ವಿಸ್ ಮಾಡಿಸಿದ ದಾಖಲೆ ಇದ್ದರೆ ಅದನ್ನು ಕೇಳುವಾಗ ತಕರಾರು ಬರುವುದಿಲ್ಲ. ಆ ರಸೀದಿಗಳನ್ನು ಜಮೀನಿನ ಪಹಣಿ ಇಡುವ ಕಡತದಲ್ಲೇ ಇಡು. ವರ್ಷಕ್ಕೊಂದೆರಡು ಸಲ ಶಿವಮೊಗ್ಗಕ್ಕೆ ಹೋಗುವುದನ್ನು ಅಡಿಕೆ ಮಂಡಿಯ ಕೆಲಸದ ದಿನಕ್ಕೇ ಹೊಂದಿಸಿಕೊಂಡರೆ ದೂರದ ಭಾರ ಅಷ್ಟಾಗಿ ತಿಳಿಯುವುದಿಲ್ಲ.

ಕೊನೆಯದಾಗಿ ಒಂದು ಕೆಲಸ ಒಪ್ಪಿಸುತ್ತೇನೆ. ಈ ಸೀಮೆಗೆ ಡೀಸೆಲ್ ಜೀಪು ಬಂದಾಗಲೂ, ಪಂಪ್‌ಸೆಟ್ಟು ಬಂದಾಗಲೂ ಕಲಿತ ಮೆಕ್ಯಾನಿಕ್ ಯಾರೂ ಇರಲಿಲ್ಲ. ಕೊಂಡವರು ಹೆಚ್ಚಾದರು, ಊರಿನ ಹುಡುಗರೇ ಕಲಿತರು. ಈಗಲೂ ಐ.ಟಿ.ಐ. ಓದುವ ಹುಡುಗರು ನಮ್ಮಲ್ಲಿದ್ದಾರೆ. ಅವರಿಗೆ ಹೈ ವೋಲ್ಟೇಜ್ ತರಬೇತಿ ಕೊಡಿಸಿ ಎಂದು ಕಂಪನಿಗಳನ್ನು ಕೇಳುವವರು ಬೇಕು. ಒಂಟಿ ಕಾರಿನ ಮಾಲೀಕ ಕೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಹೊಸನಗರದ ಮಾಲೀಕರೆಲ್ಲ ಸೇರಿ, ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಒಂದು ಸರ್ವಿಸ್ ವ್ಯಾನು ತೀರ್ಥಹಳ್ಳಿಗೆ ಬರಲಿ ಎಂದು ಕೇಳಿದರೆ ಕೇಳಿಸಿಕೊಳ್ಳಲೇಬೇಕಾಗುತ್ತದೆ. ಅಂಥದೊಂದು ಮನವಿಯನ್ನು ನಾನು ಬರೆಯಲು ತೊಡಗಿದ್ದೇನೆ. ನಿನ್ನಷ್ಟು ಚೆನ್ನಾಗಿ ವಾದ ಮಂಡಿಸುವವರು ನಮ್ಮಲ್ಲಿ ಬೇರೆ ಯಾರಿದ್ದಾರೆ? ಊರಿಗೆ ಬಂದ ಮೇಲೆ ಅದನ್ನು ತಿದ್ದಿ, ಮೊದಲ ಸಹಿ ನೀನೇ ಹಾಕಬೇಕು.

ಇತಿ ಆಶೀರ್ವಾದಗಳೊಂದಿಗೆ,
ನಿನ್ನ ಪ್ರೀತಿಯ ದೊಡ್ಡಪ್ಪ