ನೆರಳು, ಬೆಳಕು ಮತ್ತು ಬೆಳೆಯ ಬರ ತಾಳಿಕೆ: ನಗರದಂಚಿನ ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಪಾಠ



ಹೊಸೂರು ರಸ್ತೆಯ ಸಿಂಗಸಂದ್ರವು ಇಂದು ನಗರಾಡಳಿತದ ವ್ಯಾಪ್ತಿಗೆ ಸೇರಿದೆ. ಅಲ್ಲಿಂದ ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿ ಆನೇಕಲ್ ತಾಲ್ಲೂಕಿನತ್ತ ಸಾಗಿದರೆ ಬಡಾವಣೆಗಳ ನಡುವೆ ರಾಗಿ ಹೊಲಗಳು ಇನ್ನೂ ಉಳಿದಿವೆ. ಹೊಲದ ಒಂದು ಬದಿಗೆ ಕಟ್ಟಡ, ಇನ್ನೊಂದು ಬದಿಗೆ ನೀಲಗಿರಿ ತೋಪು, ರಸ್ತೆಯ ಕಡೆಗೆ ಬೀದಿದೀಪ ಇರುವುದು ಈ ಭಾಗದಲ್ಲಿ ಸಾಮಾನ್ಯ. ಈ ಮೂರೂ ಪೈರಿಗೆ ದೊರೆಯುವ ಬೆಳಕನ್ನು ಬದಲಿಸುತ್ತವೆ. ಅದರಿಂದ ಪೈರಿನ ಬರ ತಾಳುವ ಶಕ್ತಿಯೂ ಬದಲಾಗುತ್ತದೆ. ಕಟ್ಟಡ, ಸಸಿ ನೆಡುವಿಕೆ ಮತ್ತು ಬೀದಿದೀಪಗಳ ವಿಷಯ ಪಂಚಾಯಿತಿ ಸಭೆಯ ಮುಂದೆ ಬರುವುದರಿಂದ ಸದಸ್ಯರು ಇದರ ಹಿಂದಿನ ಕಾರಣಗಳನ್ನು ಅರಿತಿರುವುದು ಅಗತ್ಯ.

1. ನೆರಳಿನ ಲಾಭ ಮತ್ತು ನಷ್ಟ

ನೆರಳಿನಲ್ಲಿ ಮಣ್ಣಿನ ತೇವ ನಿಧಾನವಾಗಿ ಆರುತ್ತದೆ. ಎಲೆಯ ಬಿಸಿ ತಗ್ಗಿ, ಎಲೆಯಿಂದ ಹೊರಹೋಗುವ ನೀರೂ ಕಡಿಮೆಯಾಗುತ್ತದೆ. ಆದ್ದರಿಂದ ನೆರಳು ಬರಗಾಲದಲ್ಲಿ ಎಲ್ಲ ಬೆಳೆಗೂ ಒಳ್ಳೆಯದೆಂದು ತೋರಬಹುದು. ಆದರೆ ಗಿಡವು ತನ್ನ ಆಹಾರವನ್ನು ಬೆಳಕಿನಿಂದಲೇ ತಯಾರಿಸಿಕೊಳ್ಳುತ್ತದೆ. ಬೆಳಕು ಕಡಿಮೆಯಾದಾಗ ಗಿಡವು ಇರುವ ಆಹಾರವನ್ನು ಕಾಂಡ ಮತ್ತು ಎಲೆಗೆ ಹೆಚ್ಚಾಗಿಯೂ ಬೇರಿಗೆ ಕಡಿಮೆಯಾಗಿಯೂ ಹಂಚುತ್ತದೆ. ಕಾಂಡ ಸಣಕಲಾಗಿ ಉದ್ದವಾಗುತ್ತದೆ, ಎಲೆ ಅಗಲವಾಗಿ ತೆಳುವಾಗುತ್ತದೆ, ಬೇರು ಆಳಕ್ಕಿಳಿಯುವುದಿಲ್ಲ. ಇಂತಹ ಪೈರು ಮಳೆ ಕೈಕೊಟ್ಟಾಗ ಬೇಗ ಬಾಡುತ್ತದೆ.

ಕಾಫಿ, ಶುಂಠಿ, ಅರಿಶಿನ, ವೀಳ್ಯದೆಲೆ ಸ್ವಲ್ಪ ನೆರಳನ್ನು ಸಹಿಸುತ್ತವೆ. ಕೊಡಗು, ಚಿಕ್ಕಮಗಳೂರಿನ ಕಾಫಿಯನ್ನು ಮರಗಳಡಿ ಬೆಳೆಯುವುದು ಈ ಕಾರಣದಿಂದಲೇ. ರಾಗಿ, ಜೋಳ, ಮುಸುಕಿನ ಜೋಳ ಹಾಗಲ್ಲ. ಇವು ವಿಜ್ಞಾನಿಗಳು ಸಿ-4 ಎಂದು ಕರೆಯುವ ವರ್ಗಕ್ಕೆ ಸೇರಿದವು. ಪ್ರಖರ ಬಿಸಿಲನ್ನು ಚೆನ್ನಾಗಿ ಬಳಸಿಕೊಂಡು ಕಡಿಮೆ ನೀರಿನಲ್ಲಿ ಬೆಳೆಯುವುದೇ ಇವುಗಳ ಬಲ. ರಾಗಿಗೆ ನೆರಳು ಬಿದ್ದರೆ ತೆಂಡೆಗಳು ಕಡಿಮೆಯಾಗುತ್ತವೆ, ತೆನೆ ಜೊಳ್ಳಾಗುತ್ತದೆ, ಪೈರು ನೆಲಕ್ಕೊರಗುತ್ತದೆ.

2. ಮರ ಮತ್ತು ಕಟ್ಟಡ

ಮರದ ಬಳಿ ಪೈರು ಸೊರಗಲು ನೆರಳೊಂದೇ ಕಾರಣವಲ್ಲ. ಬೇರುಗಳು ನೀರಿಗಾಗಿ ಸ್ಪರ್ಧಿಸುವುದೂ ಕಾರಣ. ನೀಲಗಿರಿಯಲ್ಲಿ ಈ ಎರಡೂ ಸೇರುತ್ತವೆ. ಅಂತರ್ಜಲದ ಕಾಳಜಿಯಿಂದ ರಾಜ್ಯ ಸರ್ಕಾರವು 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಬದುವಿಗೆ ಹೊಂಗೆ ಹೆಚ್ಚು ಸೂಕ್ತ. ಮುಂಗಾರಿನ ಆರಂಭದಲ್ಲಿ ಅದರ ರೆಂಬೆ ಸವರಿದರೆ ಸೊಪ್ಪು ಹಸಿರೆಲೆ ಗೊಬ್ಬರವಾಗುತ್ತದೆ, ರಾಗಿಗೆ ಬೆಳಕೂ ದೊರೆಯುತ್ತದೆ.

ನೆರಳಿನ ದಿಕ್ಕನ್ನೂ ಗಮನಿಸಬೇಕು. ನಮ್ಮ ಭಾಗವು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ ತಿಂಗಳ ನಡುಹಗಲಿನಲ್ಲಿ ಸೂರ್ಯ ಬಹುತೇಕ ನೆತ್ತಿಯ ಮೇಲಿದ್ದು ನೆರಳು ಚಿಕ್ಕದಾಗಿರುತ್ತದೆ. ರಾಗಿ ಕಾಳು ಕಟ್ಟುವ ಅಕ್ಟೋಬರ್ ಕೊನೆಗೆ 10 ಮೀಟರ್ ಎತ್ತರದ ಕಟ್ಟಡದ ನಡುಹಗಲ ನೆರಳು ಉತ್ತರಕ್ಕೆ ಸುಮಾರು 5 ಮೀಟರ್, ಡಿಸೆಂಬರ್ ಕೊನೆಗೆ ಸುಮಾರು 7 ಮೀಟರ್ ಚಾಚುತ್ತದೆ. ಬೆಳಿಗ್ಗೆ ಮತ್ತು ಸಂಜೆ ಇದು ಇನ್ನೂ ಉದ್ದ. ಆದುದರಿಂದ ಪೂರ್ವ-ಪಶ್ಚಿಮವಾಗಿ ಸಾಗುವ ರಸ್ತೆಯ ದಕ್ಷಿಣ ಅಂಚಿನಲ್ಲಿ ಸಾಲುಮರ ನೆಟ್ಟರೆ ಈ ಕಾಲದ ನಡುಹಗಲ ನೆರಳು ರಸ್ತೆಯ ಮೇಲೆ ಬೀಳುತ್ತದೆ. ಉತ್ತರ ಅಂಚಿನಲ್ಲಿ ನೆಟ್ಟರೆ ಪಕ್ಕದ ಹೊಲದ ಮೇಲೆ ಬೀಳುತ್ತದೆ.

3. ರಾತ್ರಿಯ ಬೆಳಕು

ಅವರೆಯ ನಾಟಿ ತಳಿಗಳು, ಸೇವಂತಿಗೆ ಮತ್ತು ರಾಗಿ ಹಗಲು ಕಿರಿದಾಗಿ ರಾತ್ರಿ ದೀರ್ಘವಾದಾಗ ಹೂ ಬಿಡುವ ಸ್ವಭಾವದವು. ಅವರೆಕಾಯಿಯ ಸೊಗಡು ಚಳಿಗಾಲದಲ್ಲೇ ಬರುವುದು ಇದರಿಂದ. ಸೇವಂತಿಗೆ ಬೆಳೆಗಾರರು ಹೂವನ್ನು ಮುಂದೂಡಲು ರಾತ್ರಿ ತೋಟದಲ್ಲಿ ಬಲ್ಬು ಉರಿಸುವುದೂ ಇದೇ ತತ್ತ್ವದ ಮೇಲೆ. ರೈತನು ಬೇಕೆಂದು ಮಾಡುವ ಈ ಕೆಲಸವನ್ನು ಹೊಲದತ್ತ ತಿರುಗಿದ ಬೀದಿದೀಪವು ಬೇಡದಿದ್ದರೂ ಮಾಡಬಲ್ಲದು. ತಳಿಗನುಗುಣವಾಗಿ ಪರಿಣಾಮ ಹೆಚ್ಚು ಕಡಿಮೆಯಾಗುತ್ತದೆ.

ಇದಕ್ಕೂ ಬರಕ್ಕೂ ನೇರ ಸಂಬಂಧವಿದೆ. ಮಳೆಯಾಶ್ರಿತ ಪೈರು ಮಳೆ ನಿಲ್ಲುವ ಮೊದಲೇ ಕಾಳು ಕಟ್ಟಬೇಕು. ಹೂ ತಡವಾದರೆ ಕಾಳು ಕಟ್ಟುವ ಹೊತ್ತಿಗೆ ಕೆಂಪು ಮಣ್ಣಿನ ತೇವ ಮುಗಿದಿರುತ್ತದೆ. ದೀಪದ ಸುತ್ತಲಿನ ಪೈರು ಹಸಿರಾಗಿ ನಿಂತು ತೆನೆ ಬಿಡದಿದ್ದರೆ ಅದನ್ನು ರೋಗವೆಂದು ಭಾವಿಸಿ ಔಷಧಿ ಸಿಂಪಡಿಸುವ ಮುನ್ನ ದೀಪದತ್ತ ಒಮ್ಮೆ ನೋಡುವುದು ಒಳಿತು.

4. ನೆರಳು ಪರದೆಯಲ್ಲಿ ಬೆಳೆಸಿದ ಸಸಿ

ಟೊಮೆಟೊ, ದಪ್ಪ ಮೆಣಸಿನಕಾಯಿ ಸಸಿಗಳನ್ನು ಪರದೆಯ ಕೆಳಗಿನಿಂದ ನೇರವಾಗಿ ಬಿಸಿಲಿಗೆ ಒಯ್ದು ನೆಟ್ಟರೆ ಬಾಡುತ್ತವೆ. ನಾಟಿಗೆ ಸುಮಾರು ಒಂದು ವಾರ ಮೊದಲಿನಿಂದ ನೀರನ್ನು ತಗ್ಗಿಸಿ, ದಿನದಿನಕ್ಕೆ ಹೆಚ್ಚು ಬಿಸಿಲು ತೋರಿಸಿ ಸಸಿಗಳನ್ನು ಗಟ್ಟಿಗೊಳಿಸಬೇಕು. ಸ್ವಸಹಾಯ ಸಂಘಗಳು ನಡೆಸುವ ಸಸಿಮಡಿಗಳಿಗೂ ಈ ಕ್ರಮವನ್ನು ತಿಳಿಸುವುದು.

5. ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

ಅ) ಹೊಲದಂಚಿನ ಬೀದಿದೀಪಗಳಿಗೆ ಮರೆ ಅಳವಡಿಸಿ ಬೆಳಕು ರಸ್ತೆಗಷ್ಟೇ ಬೀಳುವಂತೆ ಮಾಡುವುದು. ರಸ್ತೆಯಲ್ಲಿ ಓಡಾಡುವ ಮಹಿಳೆಯರ ಹಾಗೂ ಕಾರ್ಮಿಕರ ಸುರಕ್ಷತೆ ಮುಖ್ಯವಾದುದರಿಂದ ದೀಪವನ್ನು ಆರಿಸುವುದು ಪರಿಹಾರವಲ್ಲ.

ಆ) ಉದ್ಯೋಗ ಖಾತರಿ ಅಥವಾ ಅರಣ್ಯೀಕರಣ ಕಾಮಗಾರಿಯಲ್ಲಿ ಸಸಿ ನೆಡುವ ಮುನ್ನ ನೆರಳಿನ ದಿಕ್ಕನ್ನು ಸ್ಥಳದಲ್ಲಿಯೇ ಪರಿಶೀಲಿಸುವುದು.

ಇ) ಮರ ಸವರುವ ಅಥವಾ ತೆಗೆಯುವ ಪ್ರಸಂಗದಲ್ಲಿ ನಿಯಮಾನುಸಾರ ಅನುಮತಿ ಪಡೆಯುವುದು.

ಈ) ನೆರಳು ತಪ್ಪಿಸಲಾಗದ ಅಂಚಿನಲ್ಲಿ ರಾಗಿಯ ಬದಲು ಯಾವ ಬೆಳೆ ಸೂಕ್ತವೆಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ರೈತರಿಗೆ ತಿಳಿಸುವುದು.

ಚರ್ಚೆಗೆ: ನಮ್ಮ ಪಂಚಾಯಿತಿಯಲ್ಲಿ ಬೀದಿದೀಪದ ಬೆಳಕು ಬೀಳುವ ಹೊಲಗಳು ಯಾವುವು? ಅಲ್ಲಿಯ ಅವರೆ, ರಾಗಿ ಉಳಿದ ಹೊಲಗಳ ಜೊತೆಯಲ್ಲೇ ಹೂ ಬಿಡುತ್ತಿವೆಯೇ? ಮುಂದಿನ ಗ್ರಾಮ ಸಭೆಯಲ್ಲಿ ರೈತರಿಂದಲೇ ಕೇಳಿ ತಿಳಿದು ನಡಾವಳಿಯಲ್ಲಿ ದಾಖಲಿಸಲು ಕೋರಿದೆ.