ಮೂಗು ಚುಚ್ಚಿಸಿಕೊಂಡ ವರ್ಷ

ಕಿವಿ ಚುಚ್ಚಿಸಿದ ದಿನದ ನೆನಪು ನನಗಿಲ್ಲ. ತೊಟ್ಟಿಲ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕುಳ್ಳಿರಿಸಿ, ನಾಲಗೆಗೆ ಬೆಲ್ಲದ ಚೂರನ್ನು ತಗುಲಿಸಿ, ಅದು ಆ ಸವಿಯಲ್ಲಿ ಮೈಮರೆತಿರುವಾಗಲೇ ಮಾಡಿ ಮುಗಿಸುವ ಸಂಸ್ಕಾರವದು; ಅದಕ್ಕೆ ಮಗುವಿನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಮೂಗಿನ ಸಂಗತಿ ಹಾಗಲ್ಲ. ನನ್ನ ತಾಯಿ ಮೂಗು ಚುಚ್ಚಿಸಿಕೊಂಡವಳಲ್ಲ. ಹೊಸಪೇಟೆಯ ನಮ್ಮ ಮನೆಯಲ್ಲಿ ಅದನ್ನು ಯಾರೂ ಒತ್ತಾಯಿಸಿದವರೂ ಅಲ್ಲ. 1976ರಲ್ಲಿ, ಹದಿನೈದು ತುಂಬಿದ ವಯಸ್ಸಿನಲ್ಲಿ, ನಾನಾಗಿಯೇ ಬೇಕೆಂದು ಕೇಳಿದೆನು. ನನ್ನ ದೇಹದ ವಿಷಯವಾಗಿ ನಾನು ಮಾಡಿದ ಮೊದಲ ನಿರ್ಧಾರ ಅದು.

ಆ ಆಸೆಯು ಅಂಕುರಿಸಿದ್ದು ಸಂಡೂರಿನಲ್ಲಿ. ಅಲ್ಲಿ ನನ್ನ ಚಿಕ್ಕಮ್ಮನ ಮನೆಯಿತ್ತು. ಸಂತೆಯ ದಿನ ತಾಂಡಾಗಳಿಂದ ಇಳಿದು ಬರುತ್ತಿದ್ದ ಲಂಬಾಣಿ ಹೆಂಗಸರನ್ನು, ಅವರ ಕನ್ನಡಿ ಕವಡೆಗಳ ಕಸೂತಿಯನ್ನು, ಮೊಳಕೈ ದಾಟುವ ಬಳೆಗಳನ್ನು ನೋಡುತ್ತ ಚಿಕ್ಕಮ್ಮನ ಜಗುಲಿಯ ಮೇಲೆ ನಾನು ಗಂಟೆಗಟ್ಟಲೆ ಕುಳಿತಿರುತ್ತಿದ್ದೆನು. ಅವರಲ್ಲೊಬ್ಬ ವೃದ್ಧೆಯ ಮೂಗುತಿಯು ಮೇಲ್ದುಟಿಯನ್ನು ಮುಟ್ಟುವಷ್ಟು ದೊಡ್ಡದಾಗಿತ್ತು. ಗಣಿಯ ಕೆಂಧೂಳು ಹಣೆಯ ಸುಕ್ಕುಗಳಲ್ಲಿ ಕುಳಿತಿದ್ದರೂ ಆ ಮೂಗುತಿ ಮಾತ್ರ ಥಳಥಳಿಸುತ್ತಿತ್ತು. ನೀರು ಕುಡಿಯುವಾಗ ಅದನ್ನು ಎರಡು ಬೆರಳಿನಿಂದ ಮೆಲ್ಲನೆ ಎತ್ತಿ ಹಿಡಿಯುತ್ತಿದ್ದ ಅವಳ ಆ ಭಂಗಿ ನನ್ನ ಮನಸ್ಸನ್ನು ಸೆಳೆಯಿತು.

ಮನೆಯಲ್ಲಿ ತಂದೆಯವರು ಬೇಡವೆಂದರು. ಕಂಪ್ಲಿಯಿಂದ ಬಂದ ಅಜ್ಜಿಯೇ ಅವರನ್ನು ಒಪ್ಪಿಸಿದಳು. ಅಜ್ಜಿಯ ಎಡಹೊಳ್ಳೆಯ ಮೇಲೆ ಎಳ್ಳುಕಾಳಿನಷ್ಟು ಕಪ್ಪಾದೊಂದು ರಂಧ್ರವಿತ್ತು. ಅಜ್ಜ ತೀರಿಕೊಂಡ ದಿನ ಅದರಲ್ಲಿದ್ದ ಮೂಗುಬಟ್ಟನ್ನು ತೆಗೆಸಿದ ಮೇಲೆ ಹತ್ತೊಂಬತ್ತು ವರ್ಷಗಳಿಂದ ಅದು ಬರಿದಾಗಿಯೇ ಇತ್ತು. "ಕಿವಿ ಚುಚ್ಚಿಸುವಾಗ ನಿನ್ನ ಕೇಳಲಿಲ್ಲವ್ವಾ, ಇದನ್ನ ನೀನಾಗಿ ಕೇಳಿದ್ದಿ. ನೋವಾತು ಅಂತ ಆಮ್ಯಾಲೆ ನಮಗ ಅನ್ನಬ್ಯಾಡ" ಎಂದಷ್ಟೇ ಅವಳು ನನಗೆ ಹೇಳಿದಳು.

ಶಿವರಾತ್ರಿ ಕಳೆದ ವಾರ ಪತ್ತಾರರ ಅಂಗಡಿಗೆ ಹೋದೆವು. ತಟ್ಟೆಯಲ್ಲಿ ಅಕ್ಕಿ, ಬೆಲ್ಲದಚ್ಚು, ತೆಂಗಿನಕಾಯಿ, ಎಲೆ ಅಡಿಕೆ, ದಕ್ಷಿಣೆ. ಆ ವೃದ್ಧ ಪತ್ತಾರರು ಬಂಗಾರದ ಎಳೆಯೊಂದನ್ನು ನನ್ನೆದುರಿಗೇ ಕೆಂಡದಲ್ಲಿ ಕಾಯಿಸಿ, ಅದರ ತುದಿಯನ್ನು ಅರದಿಂದ ಉಜ್ಜಿ ಉಜ್ಜಿ ಮುಳ್ಳಿನಂತೆ ಚೂಪು ಮಾಡಿ, ಕೊಬ್ಬರಿಎಣ್ಣೆಯಲ್ಲಿ ಅದ್ದಿ, ಕುಂಕುಮದ ಚುಕ್ಕೆಯಿಂದ ಸ್ಥಳವನ್ನು ಗುರುತಿಸಿ, ಆ ಚುಕ್ಕೆಯನ್ನು ಎರಡು ಸಲ ಒರೆಸಿ ಮೂರನೆಯ ಸಲ ಒಪ್ಪಿಕೊಂಡರು. ಚುಚ್ಚಿದ ಕ್ಷಣದಲ್ಲಿ ನೋವಿಗಿಂತ ಮೊದಲು ನನಗೆ ಕೇಳಿಸಿದ್ದು ಒಂದು ಶಬ್ದ. ಎಳೆ ಸೌತೆಕಾಯಿಯನ್ನು ಉಗುರಿನಿಂದ ಒತ್ತಿದಾಗ ಆಗುವಂಥ, ನನ್ನ ತಲೆಯೊಳಗಲ್ಲದೆ ಹೊರಗೆಲ್ಲಿಯೂ ಇರದ ಸಣ್ಣ ಶಬ್ದ. ಆ ಬಳಿಕ ಎಡಗಣ್ಣಿನಿಂದ ಮಾತ್ರ ಧಾರೆಯಾಗಿ ನೀರು ಸುರಿಯಿತು. ಪತ್ತಾರರು ಇಕ್ಕಳದಿಂದ ಎಳೆಯನ್ನು ಬಳೆಯಾಗಿ ಬಾಗಿಸಿ, "ವರುಷ ತುಂಬೋತನಕ ಇದನ್ನ ಬಿಚ್ಚಬ್ಯಾಡ, ತಂಗಿ" ಎಂದರು. ಆ ಮಾತನ್ನು ನಾನು ಶಾಸ್ತ್ರದ ಮಾತೆಂದು ಭಾವಿಸಿದೆನು. ನಿಜವಾಗಿ ಅದು ನೂರಾರು ಮೂಗುಗಳನ್ನು ಕಂಡವರ ವೈದ್ಯವಾಗಿತ್ತು.

ಆರು ವಾರಗಳ ಅನಂತರ ಚೈತ್ರದ ಹುಣ್ಣಿಮೆಗೆ ಹಂಪಿಯ ತೇರು. ಗೆಳತಿಯರೊಡನೆ ವಿರೂಪಾಕ್ಷನ ದರ್ಶನ ಮಾಡಿ, ಹೊಳೆಯ ದಂಡೆಯಗುಂಟ ವಿಠ್ಠಲ ದೇವಾಲಯದತ್ತ ನಡೆದು, ನೀರಂಚಿನ ಪುರಂದರ ಮಂಟಪದ ಕಲ್ಲುಗಳ ಮೇಲೆ ಬುತ್ತಿ ಬಿಚ್ಚಿ ಕುಳಿತಾಗ, ನನ್ನ ಮೂಗನ್ನು ನೋಡಿದ ಗೆಳತಿಯೊಬ್ಬಳ ತಾಯಿಯವರು ಮೂಗುತಿಯ ಆ ಪ್ರಸಿದ್ಧ ಕಥೆಯನ್ನು ಮತ್ತೊಮ್ಮೆ ಹೇಳಿದರು. ಲೋಭಿಯಾದ ಶ್ರೀನಿವಾಸನಾಯಕ, ಮಗನ ಉಪನಯನಕ್ಕೆ ನೆರವು ಬೇಡಿ ಬಂದ ಬ್ರಾಹ್ಮಣನಿಗೆ ಗಂಡನಿಗೆ ತಿಳಿಯದಂತೆ ಮೂಗುತಿಯನ್ನು ಬಿಚ್ಚಿಕೊಟ್ಟ ಸರಸ್ವತೀಬಾಯಿ, ಅದನ್ನೇ ನಾಯಕನ ಅಂಗಡಿಗೆ ಒಯ್ದ ಆ ಬ್ರಾಹ್ಮಣ, ಉಪಾಯಗಾಣದೆ ವಿಷದ ಬಟ್ಟಲನ್ನು ಎತ್ತಿದವಳಿಗೆ ಆ ಬಟ್ಟಲಿನಲ್ಲಿಯೇ ದೊರೆತ ಮೂಗುತಿ, ಸರ್ವಸ್ವವನ್ನೂ ದಾನಮಾಡಿ ದಾಸನಾದ ನಾಯಕ. ನಾವೆಲ್ಲರೂ ಈ ಕಥೆಯನ್ನು ಪುರಂದರದಾಸರ ಕಥೆಯೆಂದೇ ಕೇಳುತ್ತೇವೆ. ಅಂದಿನಿಂದ ನನಗೆ ಅದು ಸರಸ್ವತೀಬಾಯಿಯ ಕಥೆ. ಕತ್ತಿನ ಸರವಿರಲಿ, ಕೈಯ ಬಳೆಯಿರಲಿ, ಎಲ್ಲದಕ್ಕೂ ಗಂಡನ ಮನೆಯವರ ಲೆಕ್ಕವಿದ್ದೀತು. ಮೂಗುತಿಯನ್ನು ಮಾತ್ರ ತನ್ನದೆಂದು ಅವಳು ಬಗೆದಿರಬೇಕು. ಅದಕ್ಕಾಗಿಯೇ ಕೊಡಬಲ್ಲವಳಾದಳು.

ಕಥೆಯನ್ನು ಕೇಳಿ ಕಣ್ಣು ತುಂಬಿಕೊಂಡ ನಾನೇ, ಅದೇ ಸಂಜೆ ತೇರಬೀದಿಯ ಸಾಲಂಗಡಿಯಲ್ಲಿ ನೀಲಿ ಹರಳಿನ ಗಿಲೀಟಿನ ಮೂಗುಬಟ್ಟೊಂದನ್ನು ಕೊಂಡು, ಮನೆಗೆ ಬಂದು ಕನ್ನಡಿಯ ಮುಂದೆ ನಿಂತು, ಪತ್ತಾರರ ಎಳೆಯನ್ನು ಬಿಚ್ಚಿ ಅದನ್ನು ತೂರಿಸಿಕೊಂಡೆನು. ಹೊರಗಿನಿಂದ ಗಾಯ ಪೂರ್ಣವಾಗಿ ಮಾಯ್ದಂತೆ ಕಾಣುತ್ತಿತ್ತು. ನಾಲ್ಕನೆಯ ದಿನ ಹೊಳ್ಳೆ ಕೆಂಪಾಯಿತು. ಆರನೆಯ ದಿನ ಕೀವು. ಎಂಟನೆಯ ದಿನ ಕಣ್ಣಿನ ಕೆಳಗಿನವರೆಗೆ ಊತ, ಜ್ವರ. ಬೈಗುಳಕ್ಕೆ ಅಂಜಿ ಅಷ್ಟು ದಿನ ಮುಚ್ಚಿಟ್ಟಿದ್ದೆನು. ಅರಿಸಿನವನ್ನು ಅರೆದು ಗಾಯದೊಳಕ್ಕೆ ತುಂಬಿದ್ದೆನು. ಅಂಟಿಕೊಳ್ಳದಿರಲೆಂದು ದಿನಕ್ಕೆ ಹತ್ತು ಸಲ ಕೊಳೆಗೈಯಿಂದ ತಿರುಗಿಸಿದ್ದೆನು. ಈ ಮೂರರಲ್ಲಿ ಯಾವುದು ಹೆಚ್ಚು ಕೆಡುಕನ್ನು ಮಾಡಿತೋ ಹೇಳಲಾರೆ, ಆದರೆ ಮುಚ್ಚಿಟ್ಟದ್ದೇ ದೊಡ್ಡ ತಪ್ಪೆಂದು ಇಂದಿಗೂ ನನ್ನ ಎಣಿಕೆ.

ನನ್ನನ್ನು ನೋಡಿದ ವೈದ್ಯರು ಸಿಟ್ಟಾಗಲಿಲ್ಲ. ಗಿಲೀಟನ್ನು ತೆಗೆದು, ಕೀವನ್ನು ಶುದ್ಧ ಮಾಡಿ, ಔಷಧವನ್ನು ಬರೆದುಕೊಟ್ಟ ಮೇಲೆ, ಹಾಳೆಯ ಮೇಲೆ ಮೂಗಿನ ಚಿತ್ರವನ್ನೇ ಬರೆದು ತಿಳಿಸಿದರು. ಗಾಯವು ಹೊರಗಿನಿಂದಲೂ ಒಳಗಿನಿಂದಲೂ ನಡುವಿನ ಕಡೆಗೆ ಮಾಯುತ್ತ ಹೋಗುವುದು. ತುದಿಗಳು ಒಣಗಿದ್ದರೂ ನಡುವಿನ ದಾರಿ ತಿಂಗಳುಗಟ್ಟಲೆ ಹಸಿಯಾಗಿರುವುದು. ಕಿವಿಯ ಹಾಲೆಗೆ ಆರರಿಂದ ಎಂಟು ವಾರ ಸಾಕು, ಮೂಗಿಗೆ ನಾಲ್ಕಾರು ತಿಂಗಳಾದರೂ ಬೇಕು. ಮೃದ್ವಸ್ಥಿಗೆ ಸ್ವಂತ ರಕ್ತನಾಳಗಳಿಲ್ಲದ ಕಾರಣ ಅಲ್ಲಿಗೆ ನಂಜು ಇಳಿದರೆ ಬೇಗ ಬಿಡದು. ಗಿಲೀಟಿನಲ್ಲಿರುವ ನಿಕ್ಕಲ್ ಹಸಿ ಗಾಯದ ನೀರಿಗೆ ಕರಗಿ ಚರ್ಮವನ್ನು ಕೆರಳಿಸುವುದು. ಶುದ್ಧ ಬಂಗಾರ ಹಾಗೆ ಮಾಡದು. ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಒಂಬತ್ತು ಗ್ರಾಂ ಉಪ್ಪು, ದಿನಕ್ಕೆರಡು ಸಲ ತೊಳೆಯುವುದು, ಉಳಿದ ಹೊತ್ತು ಕೈ ಸೋಕಿಸದಿರುವುದು, ಇಷ್ಟೇ ಆರೈಕೆ. ಇಂದು ಮೊಮ್ಮಕ್ಕಳ ವಯಸ್ಸಿನವರು ಕೇಳಿದಾಗ ನಾನೂ ಇದನ್ನೇ ಹೇಳುತ್ತೇನೆ; ಜೊತೆಗೆ, ಗನ್ನಿನಿಂದ ಮೂಗನ್ನು ಚುಚ್ಚಿಸಿಕೊಳ್ಳಬೇಡಿ, ಅದು ಸೀಳುವುದಕ್ಕಿಂತ ಜಜ್ಜುವುದೇ ಹೆಚ್ಚು, ಶುದ್ಧೀಕರಿಸಿದ ಹೊಸ ಸೂಜಿಯನ್ನೇ ಕೇಳಿ ಪಡೆಯಿರಿ ಎಂದು ಸೇರಿಸುತ್ತೇನೆ.

ಊತ ಇಳಿದು ಕನ್ನಡಿ ನೋಡಿಕೊಳ್ಳುವ ಹೊತ್ತಿಗೆ ರಂಧ್ರ ಮುಚ್ಚಿಹೋಗಿತ್ತು. ಆರು ವಾರ ಕಾದದ್ದು ಕೆಲವೇ ದಿನಗಳಲ್ಲಿ ಇಲ್ಲವಾಗಿತ್ತು. ಆ ಬೇಸಗೆಯನ್ನು ಕಂಪ್ಲಿಯ ಕೋಟೆಯಲ್ಲಿ ಅಜ್ಜಿಯ ಬಳಿ ಕಳೆದೆನು. ಮಧ್ಯಾಹ್ನ ಅವಳು ನಿದ್ರಿಸುವಾಗ ಪಕ್ಕದಲ್ಲಿ ಮಲಗಿ ಅವಳ ಮೂಗನ್ನೇ ನೋಡುತ್ತಿದ್ದೆನು. ನನ್ನದು ವಾರದೊಳಗೆ ಮುಚ್ಚಿತು. ಹತ್ತೊಂಬತ್ತು ವರ್ಷ ಬರಿದಾಗಿದ್ದ ಅವಳದು ಹಾಗೆಯೇ ತೆರೆದಿತ್ತು, ಉಸಿರಿನೊಡನೆ ತುಸುವೇ ಅಲುಗುತ್ತಿತ್ತು. ಮಾಯ್ದ ಗಾಯವು ಮುಚ್ಚಿದ ಗಾಯವಲ್ಲವೆಂಬುದನ್ನು ನಾನು ಕಣ್ಣಾರೆ ಕಂಡದ್ದು ಅಲ್ಲಿ.

ಪ್ರಾಚೀನ ಸಂಸ್ಕೃತ ವಾಙ್ಮಯದಲ್ಲಿ ಮೂಗಿನ ಆಭರಣದ ಉಲ್ಲೇಖವೇ ದೊರೆಯದೆಂದೂ, ಈ ನಾಡಿಗೆ ಅದು ಸುಮಾರು ಸಾವಿರ ವರ್ಷಗಳಿಂದೀಚೆಗೆ ಬಂದುದೆಂದೂ ಪುಣೆಯ ಭಾಂಡಾರ್ಕರ್ ಸಂಸ್ಥೆಯ ವಿದ್ವಾಂಸರಾದ ಪಿ. ಕೆ. ಗೋಡೆಯವರು ವಾದಿಸಿದ್ದನ್ನು ಎಷ್ಟೋ ವರ್ಷಗಳ ಮೇಲೆ ಓದಿದೆನು. ಸನಾತನವೆಂದು ತಂದೆಯವರು ಬೇಡವೆಂದದ್ದೂ, ಗಂಡ ಸತ್ತೊಡನೆ ಕಳಚಬೇಕೆಂದು ಹಿರಿಯರು ವಿಧಿಸಿದ್ದೂ ನೆನಪಾಗಿ ಪುಸ್ತಕವನ್ನು ಮಡಿಚಿಟ್ಟೆನು.

ಮರುವರ್ಷ ದಸರೆಗೆ ಮತ್ತೆ ಅದೇ ಅಂಗಡಿ, ಅದೇ ಪತ್ತಾರರು. ಅಜ್ಜಿ ಸೆರಗಿನ ಗಂಟನ್ನು ಬಿಚ್ಚಿ, ಏಳು ಹರಳಿನ ತನ್ನ ಮೂಗುಬಟ್ಟನ್ನು ಹೊರತೆಗೆದಳು. ನನ್ನ ಕೈಗೆ ಕೊಡುವುದಕ್ಕೆ ಮುನ್ನ, ಯಾರೂ ಹೇಳದೆಯೇ, ಅದರ ಕಡ್ಡಿಯನ್ನು ತನ್ನ ಹೊಳ್ಳೆಗೆ ಹಚ್ಚಿದಳು. ಅದು ಯಾವ ತಡೆಯೂ ಇಲ್ಲದೆ ಒಳಸೇರಿತು. ಪತ್ತಾರರು ಮಾತಾಡದೆ ಕೈಗನ್ನಡಿಯನ್ನು ಅವಳ ಕಡೆಗೆ ತಿರುಗಿಸಿ ಹಿಡಿದರು. ಅವಳು ನೋಡಿಕೊಂಡಳು. ಅನಂತರ ತೆಗೆದು, ಸೆರಗಿನಿಂದ ಒರೆಸಿ, ನನ್ನ ಗದ್ದವನ್ನು ಎತ್ತಿ ಬೆಳಕಿಗೆ ಹಿಡಿದು, "ಇದರ ಕಡ್ಡಿ ದಪ್ಪ ಆಗತೈತಿ. ಈ ಹುಡುಗಿಗೆ ಇನ್ನೊಂದು ವರುಷ ಸಣ್ಣ ಎಳೀನೇ ಇರಲಿ" ಎಂದು, ಮೂಗುಬಟ್ಟನ್ನು ಮತ್ತೆ ಗಂಟಿನಲ್ಲಿ ಕಟ್ಟಿಕೊಂಡಳು.